ಬಣ್ಣಕ್ಕೆ ಅಂಕಿ ಹುಡುಕುವ ಕೈಗಳು

ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ನಾಡಿನ ಯಾವ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕಾದರೂ ಬನ್ನಿ. ನಿರವಯವ ರಸಾಯನಶಾಸ್ತ್ರದ ಎಂ.ಎಸ್ಸಿ. ಲ್ಯಾಬ್ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಮೂಗೇ ದಾರಿ ತೋರಿಸುತ್ತದೆ. ಕಣ್ಣಲ್ಲಿ ನೀರು ತರಿಸುವ ಅಮೋನಿಯಾ, ಗಂಟಲಿಗೆ ತಾಗುವ ಅಸಿಟಿಕ್ ಆಮ್ಲದ ಹುಳಿ, ಇವೆರಡರ ಅಡಿಯಲ್ಲಿ ಎಷ್ಟೋ ತಂಡಗಳ ಮೊಣಕೈ ಉಜ್ಜಿ ಕಪ್ಪಾದ ಮರದ ಮೇಜುಗಳ ಹಳೇ ವಾಸನೆ. ಬಿಳಿ ಏಪ್ರನ್ನಿನ ಗುಂಡಿ ಹಾಕಿಕೊಳ್ಳುತ್ತ ಹುಡುಗಿಯರು, ತಡವಾಯಿತೆಂದು ಎರಡೆರಡು ಮೆಟ್ಟಿಲು ಹಾರಿ ಬರುವ ಹುಡುಗರು. ಒಳಗೆ ಅಟೆಂಡರ್ ಆಗಲೇ ಸ್ಟೆಬಿಲೈಸರ್ ಹಾಕಿದ್ದಾರೆ, ಎ.ಸಿ. ಗುಂಯ್‌ಗುಡುತ್ತಿದೆ, ಯುಪಿಎಸ್ ಒಮ್ಮೆ ಬೀಪ್ ಎಂದು ಸುಮ್ಮನಾಗಿದೆ. ಯಂತ್ರಗಳನ್ನು ಹಚ್ಚಿದ ಕೂಡಲೇ ಯಾರೂ ಮುಟ್ಟುವುದಿಲ್ಲ. ಒಳಗಿನ ದೀಪಗಳು ಕಾದು ಬೆಳಕು ಒಂದೇ ಹದಕ್ಕೆ ನಿಲ್ಲಲು ಅರ್ಧ ಗಂಟೆಯಾದರೂ ಬೇಕು. ಕಾಯುವುದರಿಂದಲೇ ಇಲ್ಲಿಯ ಪಾಠ ಶುರುವಾಗುತ್ತದೆ.

ಆ ಅರ್ಧ ಗಂಟೆಯಲ್ಲಿ ಮಕ್ಕಳು ತಕ್ಕಡಿ ಕೋಣೆಗೆ ಹೋಗುತ್ತಾರೆ. ನೀವೂ ಬನ್ನಿ, ಆದರೆ ಬಾಗಿಲು ಮೆಲ್ಲಗೆ ಹಾಕಿ. ಫ್ಯಾನ್ ಇಲ್ಲ, ಮಾತು ಕಡಿಮೆ. ಕಲ್ಲಿನ ಕಟ್ಟೆಯ ಮೇಲೆ ಗಾಜಿನ ಗೂಡು, ಅದರೊಳಗೆ ಬೆಳ್ಳನೆಯ ಪುಟ್ಟ ತಟ್ಟೆ. ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲನ್ನೂ ಗುರುತಿಸುವ ತಕ್ಕಡಿ ಇದು. ಬೆರಳ ತುದಿಯ ಬೆವರು ತಾಗಿದರೂ ಅಂಕಿ ಬದಲಾಗುತ್ತದೆ. ಒಬ್ಬ ಹುಡುಗಿ ತೆಳು ಹಸಿರು ಬಣ್ಣದ ಮೋರ್ ಉಪ್ಪನ್ನು ಚಮಚದ ತುದಿಯಲ್ಲಿ ಹಿಡಿದು, ತೋರುಬೆರಳಿನಿಂದ ಚಮಚದ ಕಾಂಡವನ್ನು ತಟ್ಟಿ ತಟ್ಟಿ ಹರಳೊಂದೊಂದಾಗಿ ಉದುರಿಸುತ್ತಿದ್ದಾಳೆ. 0.69, 0.70, ಉಸಿರು ಬಿಗಿ ಹಿಡಿದು ಇನ್ನೊಂದು ತಟ್ಟು, 0.7022. ಈ ಅಂಕಿಯನ್ನು ಅವಳು ರೆಕಾರ್ಡ್ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದಲ್ಲ, ಲೆಕ್ಕ ಹಾಕಿ ಕಂಡುಕೊಂಡದ್ದು. ಇಷ್ಟು ಮೋರ್ ಉಪ್ಪನ್ನು ಚೂರು ಆಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರಿಗೆ ತಂದರೆ, ಆ ಲೀಟರಿನೊಳಗೆ ಸರಿಯಾಗಿ 100 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮುಂದಿನ ಮೂರು ತಾಸಿನ ಕೆಲಸವೆಲ್ಲ ನಿಲ್ಲುವುದು ಈ ತಟ್ಟೆಯ ಮೇಲೆ. ಇಲ್ಲಿ ತಪ್ಪಿದರೆ ಪಕ್ಕದ ಕೋಣೆಯ ಲಕ್ಷಾಂತರ ರೂಪಾಯಿಯ ಯಂತ್ರವೂ ಆ ತಪ್ಪನ್ನೇ ನಾಲ್ಕು ದಶಾಂಶ ಸ್ಥಾನಗಳವರೆಗೆ ಅಚ್ಚುಕಟ್ಟಾಗಿ ಒಪ್ಪಿಸುತ್ತದೆ.

ಈಗ ಮೇಜಿನ ಹತ್ತಿರ ಬಣ್ಣ ಹುಟ್ಟುವುದನ್ನು ನೋಡೋಣ. ಸಾಲಾಗಿ ನಿಂತ ಗಾಜಿನ ಫ್ಲಾಸ್ಕುಗಳಿಗೆ ಕಬ್ಬಿಣದ ದ್ರಾವಣ ಒಂದಕ್ಕೆ ಸ್ವಲ್ಪ, ಮುಂದಿನದಕ್ಕೆ ಇನ್ನಷ್ಟು, ಹೀಗೆ ಏರುತ್ತ ಹೋಗುತ್ತದೆ. ಆಮೇಲೆ ಪ್ರತಿಯೊಂದಕ್ಕೂ ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್. ಗಾಳಿ ತಾಗಿ ಮೂರನೆಯ ಸ್ಥಿತಿಗೆ ಏರಿದ ಕಬ್ಬಿಣವನ್ನು ಮತ್ತೆ ಎರಡನೆಯ ಸ್ಥಿತಿಗೆ ಇಳಿಸುವುದು ಅದರ ಕೆಲಸ. ಆಮ್ಲತೆ ಹದ್ದು ಮೀರದಂತೆ ಸೋಡಿಯಂ ಅಸಿಟೇಟ್. ಕೊನೆಗೆ ಬಣ್ಣವೇ ಇಲ್ಲದ ಫಿನ್ಯಾಂತ್ರೊಲಿನ್ ಬೀಳುತ್ತಿದ್ದಂತೆ ತಿಳಿನೀರು ಕಿತ್ತಳೆಗೆಂಪಿಗೆ ತಿರುಗುತ್ತದೆ. ಮೂರು ಫಿನ್ಯಾಂತ್ರೊಲಿನ್ ಅಣುಗಳು ಒಂದು ಕಬ್ಬಿಣದ ಅಯಾನನ್ನು ಆರೂ ದಿಕ್ಕಿನಿಂದ ಸುತ್ತುವರಿದು ಹಿಡಿದ ಗುರುತು ಅದು. ಬಣ್ಣ ಪೂರ್ತಿ ಬಲಿಯಲು ಹತ್ತು ಹದಿನೈದು ನಿಮಿಷ ಬೇಕು. ಆ ಹೊತ್ತಿಗೆ ಸಾಲಿನ ಎಡತುದಿಯ ಫ್ಲಾಸ್ಕಿನಲ್ಲಿ ನಸುಗುಲಾಬಿ, ಬಲತುದಿಯಲ್ಲಿ ಹಣ್ಣಾದ ಕೆಂಪು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಕಣ್ಣು ಹೇಳಬಲ್ಲದು. ಎಷ್ಟು ಹೆಚ್ಚು ಎಂದು ಹೇಳಲು ಅದಕ್ಕೆ ಬಾರದು. ಹಿಂದಿನವರು ಉದ್ದನೆಯ ಗಾಜಿನ ಕೊಳವೆಗಳನ್ನು ಪಕ್ಕಪಕ್ಕ ಹಿಡಿದು ಮೇಲಿಂದ ಬಗ್ಗಿ ನೋಡಿ ಬಣ್ಣ ಹೊಂದಿಸುತ್ತಿದ್ದರು. 1941ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ಅವರ ಕಂಪನಿ ಡಿಯು ಎಂಬ ಸ್ಪೆಕ್ಟ್ರೋಫೋಟೋಮೀಟರನ್ನು ಮಾರುಕಟ್ಟೆಗೆ ತಂದ ಮೇಲೆ ಆ ಬಗ್ಗುವಿಕೆ ನಿಧಾನವಾಗಿ ನಿಂತಿತು.

ಅದರ ಇಂದಿನ ವಂಶದ ಕುಡಿ ಕಿಟಕಿಯಿಂದ ದೂರದ ಮೇಜಿನ ಮೇಲೆ ಕೂತಿದೆ. ಅದರ ಹೊಟ್ಟೆಯಲ್ಲಿ ಎರಡು ದೀಪ: ಕಣ್ಣಿಗೆ ಕಾಣುವ ಬೆಳಕಿಗೆ ಟಂಗ್‌ಸ್ಟನ್, ಅತಿನೇರಳೆಗೆ ಡ್ಯೂಟೀರಿಯಂ. ದ್ರಾವಣ ತುಂಬುವ ಕ್ಯುವೆಟ್ ಎಂಬ ಚೌಕದ ಪುಟ್ಟ ಗಾಜಿನ ಪೆಟ್ಟಿಗೆಗೆ ಎರಡು ಮೈ ಸ್ವಚ್ಛ, ಎರಡು ಮೈ ಮಂಜು. ಮಂಜಿನ ಮೈಯನ್ನಷ್ಟೇ ಹಿಡಿಯಬೇಕು. ಬೆಳಕು ಹಾಯುವ ಮೈಗೆ ಬೆರಳ ಎಣ್ಣೆ ಅಂಟಿದರೆ ಅದನ್ನೂ ಯಂತ್ರ ಕಬ್ಬಿಣವೆಂದೇ ಎಣಿಸುತ್ತದೆ. ಹುಡುಗನೊಬ್ಬ ಕ್ಯುವೆಟ್ಟನ್ನು ಅದೇ ದ್ರಾವಣದಿಂದ ತೊಳೆದು, ಮುಕ್ಕಾಲು ತುಂಬಿ, ಟಿಶ್ಯೂ ಕಾಗದದಿಂದ ಒಂದೇ ದಿಕ್ಕಿಗೆ ಒರೆಸಿ, ಗುಳ್ಳೆ ಉಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ. ಹಿಂದಿನಿಂದ ಮೇಡಂ ದನಿ: “ಬ್ಲಾಂಕ್ ಇಟ್ಯಾ?” ಕಬ್ಬಿಣ ಒಂದನ್ನು ಬಿಟ್ಟು ಉಳಿದೆಲ್ಲವೂ ಇರುವ ದ್ರಾವಣವೇ ಬ್ಲಾಂಕ್. ಮೊದಲು ಅದನ್ನಿಟ್ಟು ಸೊನ್ನೆ ಮಾಡಿಕೊಳ್ಳದಿದ್ದರೆ ಮುಂದಿನ ಅಂಕಿಗಳಿಗೆ ನೆಲವೇ ಇರುವುದಿಲ್ಲ.

510 ನ್ಯಾನೋಮೀಟರಿಗೆ ಹೊಂದಿಸಿ ಮುಚ್ಚಳ ಮುಚ್ಚುತ್ತಾರೆ. ಈ ಸಂಕೀರ್ಣ ಹೆಚ್ಚು ಹೀರುವುದು ಆ ತರಂಗಾಂತರದ ಹಸಿರು ಬೆಳಕನ್ನು; ಹಸಿರನ್ನು ಹೀರಿ ಉಳಿಸಿದ್ದು ನಮ್ಮ ಕಣ್ಣಿಗೆ ಕಿತ್ತಳೆಗೆಂಪಾಗಿ ಕಾಣುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಕಬ್ಬಿಣವಿದ್ದರೆ ಪರದೆಯ ಮೇಲೆ ಹೀರಿಕೆಯ ಅಂಕಿ ಸುಮಾರು 0.2, ಎರಡಿದ್ದರೆ 0.4, ನಾಲ್ಕಿದ್ದರೆ 0.8. ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳು ಒಂದೇ ಗೆರೆಯಲ್ಲಿ ನಿಲ್ಲುತ್ತ ಬಂದಾಗ ಆ ಹುಡುಗನ ಮುಖ ನೋಡಬೇಕು. ಬಿಯರ್‌-ಲ್ಯಾಂಬರ್ಟ್ ನಿಯಮವನ್ನು, ಅಂದರೆ ದ್ರಾವಣ ಗಾಢವಾದಷ್ಟೂ ಬೆಳಕಿನ ಹೀರಿಕೆ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು, ಪದವಿಯ ಮೂರು ವರ್ಷವೂ ಬರೆದು ಬರೆದು ಪಾಸಾಗಿದ್ದಾನೆ. ಅದು ತನ್ನ ಕೈಯಿಂದಲೇ ನೆಟ್ಟಗೆ ಎದ್ದು ನಿಂತದ್ದು ಇವತ್ತು. ಗೆರೆ ಸಿದ್ಧವಾದ ಮೇಲೆ ಸಂಡೂರಿನ ಕೆಂಪು ಅದಿರಿನ ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಯಿಸಿ ಕರಗಿಸಿದ, ಹಳದಿ ಬಣ್ಣದ, ಬಹಳ ಪಟ್ಟು ತೆಳುಮಾಡಿದ ದ್ರಾವಣದ ಸರದಿ. ಅಪ್ಪಟ ಹೆಮಟೈಟಿನಲ್ಲಿ ನೂರಕ್ಕೆ ಎಪ್ಪತ್ತರ ಸಮೀಪ ಕಬ್ಬಿಣ. ತನ್ನ ಕೈಯಲ್ಲಿರುವ ಪುಡಿ ಅದಕ್ಕೆ ಎಷ್ಟು ಹತ್ತಿರ ಎಂಬುದನ್ನು ಅವನೀಗ ಆ ಗೆರೆಯ ಮೇಲೆ ಓದಬಲ್ಲ.

ಪಕ್ಕದ ಕೋಣೆಗೆ ಹೋಗೋಣ. ಚಪ್ಪಲಿ ಹೊರಗೆ. ಇಲ್ಲಿ ಗಾಳಿ ಒಣಒಣ, ಮಳೆಗಾಲದಲ್ಲಂತೂ ಅದನ್ನು ಒಣಗಿಸಿಡುವುದೇ ಒಂದು ಉದ್ಯೋಗ. ಅವಗೆಂಪು ಸ್ಪೆಕ್ಟ್ರೋಮೀಟರಿನ ಪಕ್ಕದ ಡೆಸಿಕೇಟರಿನಲ್ಲಿ ಸಿಲಿಕಾ ಜೆಲ್ಲಿನ ಕಾಳುಗಳು ಕಡು ನೀಲಿ. ಅವುಗಳಿಗೆ ಬಣ್ಣ ಕೊಟ್ಟಿರುವುದು ಕೋಬಾಲ್ಟ್ ಕ್ಲೋರೈಡ್. ತೇವ ಹೀರಿದಂತೆಲ್ಲ ಕೋಬಾಲ್ಟಿನ ಸುತ್ತ ನೀರಿನ ಅಣುಗಳು ಬಂದು ಕೂತು ನೀಲಿ ಹೋಗಿ ಗುಲಾಬಿಯಾಗುತ್ತದೆ. ಗುಲಾಬಿ ಕಂಡಿತೋ, ಅಟೆಂಡರ್ ಕಾಳುಗಳನ್ನು ಒಲೆಯಲ್ಲಿಟ್ಟು ಮತ್ತೆ ನೀಲಿ ಮಾಡಿ ತರುತ್ತಾರೆ. ಪುಸ್ತಕದಲ್ಲಿ ಓದುವ ಕೊಆರ್ಡಿನೇಶನ್ ರಸಾಯನಶಾಸ್ತ್ರವನ್ನು ಈ ಕೋಣೆಯಲ್ಲಿ ದಿನಾ ಕಾವಲಿಗೆ ಇಟ್ಟಿರುತ್ತಾರೆ.

ಹುಡುಗಿಯೊಬ್ಬಳು ಅಗೇಟ್ ಕಲ್ಲಿನ ಅಂಗೈಯಗಲದ ಕಲ್ವದಲ್ಲಿ ಪುಡಿ ಅರೆಯುತ್ತಿದ್ದಾಳೆ. ಒಂದೆರಡು ಮಿಲಿಗ್ರಾಂ ಸ್ಯಾಂಪಲ್ಲಿಗೆ ನೂರು-ಇನ್ನೂರು ಮಿಲಿಗ್ರಾಂ ಒಣ ಪೊಟ್ಯಾಶಿಯಂ ಬ್ರೋಮೈಡ್. ಕರಕರ ಸದ್ದು ಮೆಲ್ಲಗೆ ಸರಸರವಾಗಿ, ಕೊನೆಗೆ ಸದ್ದೇ ಅಡಗುವವರೆಗೂ ಅರೆಯಬೇಕು. ಪುಡಿಯನ್ನು ಉಕ್ಕಿನ ಅಚ್ಚಿಗೆ ತುಂಬಿ, ಹೈಡ್ರಾಲಿಕ್ ಪ್ರೆಸ್ಸಿನ ಹಿಡಿ ಎಳೆದು, ಎಂಟು ಹತ್ತು ಟನ್ ಒತ್ತಡದಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಡಿಸಿದರೆ ಕಲ್ಲುಸಕ್ಕರೆಯ ತೆಳ್ಳನೆಯ ಹೋಳಿನಂತೆ ಬೆಳಕು ಹಾಯುವ ಬಿಲ್ಲೆ ಹೊರಬರುತ್ತದೆ. ಬಂದರೆ ಸರಿ. ಸರಿಯಾಗಿ ಅರೆಯದಿದ್ದರೆ ಬಿಲ್ಲೆ ಮಬ್ಬು, ಆತುರಪಟ್ಟರೆ ಎರಡು ಹೋಳು, ತೇವ ಹೊಕ್ಕಿದ್ದರೆ ಪರದೆಯ ಗೆರೆಯಲ್ಲಿ ತರಂಗಸಂಖ್ಯೆ 3400ರ ಬಳಿ ನೀರಿನ ದೊಡ್ಡ ಹಳ್ಳ. ಬ್ರೋಮೈಡ್ ಉಪ್ಪನ್ನೇ ಆರಿಸಲು ಕಾರಣವಿದೆ. ಯಂತ್ರ ಓದುವ 4000ದಿಂದ 400ರವರೆಗಿನ ಇಡೀ ಹರವಿನಲ್ಲಿ ಅದು ತನ್ನದೇನನ್ನೂ ಹೇಳದೆ ಸುಮ್ಮನಿದ್ದು ಸ್ಯಾಂಪಲ್ಲಿಗೆ ಮಾತಾಡಲು ಬಿಡುತ್ತದೆ.

ಇವತ್ತಿನ ಸ್ಯಾಂಪಲ್ ಎರಡು. ಎರಡೂ ಕೋಬಾಲ್ಟಿನ ಉಪ್ಪುಗಳು, ಎರಡರಲ್ಲೂ ಐದು ಅಮೋನಿಯಾ, ಎರಡು ಕ್ಲೋರೈಡ್, ಒಂದು ನೈಟ್ರೈಟ್. ತೂಕ ಮಾಡಿ ಬಿಡಿಸಿ ಲೆಕ್ಕ ಹಾಕಿದರೆ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಸಿಗದು. ಆದರೂ ಐಸ್ ನೀರಿನಲ್ಲಿ ಕುಳ್ಳಿರಿಸಿ ಪಡೆದ ಹರಳು ನಸುಗೆಂಪು, ಬಿಸಿ ಮಾಡಿ ಪಡೆದದ್ದು ಹಳದಿಗಂದು. ಡೆನ್ಮಾರ್ಕಿನ ಯೋರ್ಗೆನ್‌ಸನ್ 1890ರ ದಶಕದಲ್ಲಿ ಈ ಜೋಡಿಯ ಮುಂದೆ ಕೂತು ತಲೆ ಕೆಡಿಸಿಕೊಂಡಿದ್ದರು. ಇಂಥ ಸಂಯುಕ್ತಗಳ ಒಳಗಟ್ಟನ್ನು ಬಿಡಿಸಿದ ಆಲ್‌ಫ್ರೆಡ್ ವರ್ನರ್ 1913ರಲ್ಲಿ ನೊಬೆಲ್ ಪಡೆದರು. ಅವರ ಕೈಲಿ ಇದ್ದದ್ದು ಗಾಜಿನ ಸಾಮಾನು, ವಿದ್ಯುತ್ ವಾಹಕತೆಯ ಅಳತೆ ಮತ್ತು ಅಪಾರ ತಾಳ್ಮೆ. ಇಂದು ಎಂ.ಎಸ್ಸಿ. ಹುಡುಗಿ ಬಿಲ್ಲೆಯನ್ನು ಬೆಳಕಿನ ದಾರಿಯಲ್ಲಿಟ್ಟ ಒಂದೆರಡು ನಿಮಿಷದಲ್ಲಿ ಪರದೆಯ ಮೇಲೆ ಗೆರೆ ಮೂಡುತ್ತದೆ. ಹಳದಿಗಂದಿನದರಲ್ಲಿ 1430, 1315, 825ರ ಸುತ್ತ ಹಳ್ಳಗಳು: ನೈಟ್ರೈಟ್ ತನ್ನ ಸಾರಜನಕದಿಂದ ಕೋಬಾಲ್ಟನ್ನು ಹಿಡಿದಿದೆ. ನಸುಗೆಂಪಿನದರಲ್ಲಿ 1460 ಮತ್ತು 1065: ಇದರಲ್ಲಿ ಹಿಡಿತ ಆಮ್ಲಜನಕದಿಂದ. ನಸುಗೆಂಪು ಹರಳು ಬಾಟಲಿಯಲ್ಲಿ ಕೂತಲ್ಲಿಯೇ ಕೆಲವು ವಾರಗಳಲ್ಲಿ ಹಿಡಿತ ಬದಲಿಸಿ ಹಳದಿಯಾಗಿಬಿಡುತ್ತದೆ, ಆದ್ದರಿಂದ ಮಾಡಿದ ದಿನವೇ ಓದಬೇಕು. “ಪೀಕ್ ಬಂತು ಸರ್!” ಎಂಬ ಕೂಗು ಈ ಕೋಣೆಯಿಂದ ಆಗಾಗ ಕೇಳಿಬರುತ್ತದೆ. ಗೋಡೆಯ ಕಪಾಟಿನಲ್ಲಿ ಅವಗೆಂಪಿನ ಪುಸ್ತಕಗಳಿವೆ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಅವಗೆಂಪು ರೋಹಿತದ ರಾಸಾಯನಿಕ ಬಳಕೆಯ ಮೇಲೆ ಬರೆದ ಗ್ರಂಥ 1963ರಲ್ಲಿ ಹೊರಬಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಇದನ್ನು ಹೇಳುವಾಗ ಮೇಷ್ಟ್ರ ದನಿಯಲ್ಲಿ ಹೆಮ್ಮೆ ತಾನಾಗಿ ಸೇರಿಕೊಳ್ಳುತ್ತದೆ.

ಮೂಲೆಯಲ್ಲಿ ನಿಧಾನವೇ ಸ್ವಭಾವವಾದ ಇನ್ನೊಂದು ಯಂತ್ರವಿದೆ. ಉಷ್ಣತೂಕದ ಯಂತ್ರ, ಹುಡುಗರ ಬಾಯಲ್ಲಿ ಟಿಜಿಎ. ಒಳಗೊಂದು ಪುಟ್ಟ ಕುಲುಮೆ, ಅದರೊಳಗೆ ತೂಗುವ ಪುಟಾಣಿ ಬಟ್ಟಲು, ಬಟ್ಟಲಲ್ಲಿ ಚಿಟಿಕೆ ಬಿಳಿ ಪುಡಿ. ನಿಮಿಷಕ್ಕೆ ಹತ್ತು ಡಿಗ್ರಿಯಂತೆ ಬಿಸಿ ಏರುತ್ತ ಹೋಗುತ್ತದೆ, ತಕ್ಕಡಿ ಎಡೆಬಿಡದೆ ತೂಗುತ್ತ ಇರುತ್ತದೆ. ಪುಡಿ ಕ್ಯಾಲ್ಸಿಯಂ ಆಕ್ಸಲೇಟ್. ಕೆಸುವಿನೆಲೆ, ಸುವರ್ಣಗಡ್ಡೆ ಹಸಿಯಾಗಿ ತಾಗಿದರೆ ನಾಲಗೆ ಕೆರೆಯುವಂತೆ ಮಾಡುವ ಸೂಜಿ ಹರಳುಗಳೂ ಇದರವೇ, ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವೂ ಇದರವೇ. ಪರದೆಯ ಮೇಲಿನ ಗೆರೆ ಬಹಳ ಹೊತ್ತು ಸಮತಟ್ಟಾಗಿ ಸಾಗಿ, ನೂರು ಡಿಗ್ರಿ ದಾಟಿದ ಮೇಲೆ ಒಂದು ಮೆಟ್ಟಿಲು ಇಳಿಯುತ್ತದೆ: ನೀರು ಹೋಯಿತು, ತೂಕದಲ್ಲಿ ನೂರಕ್ಕೆ 12.3 ಕಡಿಮೆ. ಮತ್ತೆ ಸಮತಟ್ಟು. ನಾನೂರರ ಮೇಲೆ ಎರಡನೆಯ ಮೆಟ್ಟಿಲು, 19.2, ಇದು ಕಾರ್ಬನ್ ಮೊನಾಕ್ಸೈಡ್. ಆರುನೂರು ದಾಟಿದ ಮೇಲೆ ಮೂರನೆಯದು, ಎಲ್ಲಕ್ಕಿಂತ ಆಳದ್ದು, 30.1; ಇದು ಇಂಗಾಲದ ಡೈಆಕ್ಸೈಡ್. ಕೊನೆಗೆ ಬಟ್ಟಲಲ್ಲಿ ಉಳಿದದ್ದು ಸುಟ್ಟ ಸುಣ್ಣ, ಮೊದಲಿದ್ದ ತೂಕದ 38.4. ಮಕ್ಕಳು ಕಾಗದದ ಮೇಲೆ ಸೂತ್ರದಿಂದ ತೆಗೆದ ಅಂಕಿಗಳನ್ನೂ ಗೆರೆಯ ಮೇಲೆ ಅಳೆದ ಅಂಕಿಗಳನ್ನೂ ಎದುರುಬದುರು ಬರೆಯುತ್ತಾರೆ. ಹೊಂದಿದರೆ ಯಂತ್ರ ಸರಿಯಾಗಿದೆ ಎಂದು ಅರ್ಥ. ಗೊತ್ತಿರುವ ವಸ್ತುವಿನಿಂದ ಯಂತ್ರದ ಪರೀಕ್ಷೆ ಮೊದಲು, ಆ ಯಂತ್ರದಿಂದ ಗೊತ್ತಿಲ್ಲದ ವಸ್ತುವಿನ ಪರೀಕ್ಷೆ ಆಮೇಲೆ. ಈ ಕ್ರಮ ಯಾವ ಕೋಣೆಗೆ ಹೋದರೂ ಬದಲಾಗುವುದಿಲ್ಲ.

ಕಾಂತಗುಣ ಅಳೆಯುವ ಗೂಯ್ ತಕ್ಕಡಿಯ ಹತ್ತಿರವೂ ಅದೇ. ದೊಡ್ಡ ವಿದ್ಯುತ್ಕಾಂತದ ಎರಡು ತುದಿಗಳ ನಡುವೆ ಗಾಜಿನ ಕೊಳವೆ ತೂಗುತ್ತಿರುತ್ತದೆ. ಮೊದಲು ಅದರಲ್ಲಿ ಕಾಂತಗುಣ ಖಚಿತವಾಗಿ ಗೊತ್ತಿರುವ ಕಡುನೀಲಿ ಪುಡಿ, ಪಾದರಸ ಮತ್ತು ಕೋಬಾಲ್ಟಿನ ಥಯೊಸಯನೇಟ್. ಆಮೇಲೆ ಮಯಿಲುತುತ್ತ. ಸ್ವಿಚ್ ಒತ್ತಿದಾಗ ಅದರ ತೂಕ ಕೆಲವೇ ಮಿಲಿಗ್ರಾಂ ಏರುತ್ತದೆ, ತಾಮ್ರದ ಅಯಾನಿನಲ್ಲಿ ಒಂಟಿಯಾಗಿ ಉಳಿದ ಒಂದು ಎಲೆಕ್ಟ್ರಾನ್ ಕಾಂತದ ಸೆಳೆತಕ್ಕೆ ಒಳಗಾದ್ದರಿಂದ. ಕೆಂಪು ನಿಕಲ್ ಡೈಮಿಥೈಲ್‌ಗ್ಲೈಆಕ್ಸಿಮೇಟ್ ತುಂಬಿದರೆ ತೂಕ ಚೂರು ಇಳಿಯುತ್ತದೆ. ಅದರಲ್ಲಿ ಎಲೆಕ್ಟ್ರಾನುಗಳೆಲ್ಲ ಜೋಡಿಗೂಡಿವೆ. ಕಣ್ಣಿಗೆ ಎಂದೂ ಕಾಣದ ಎಲೆಕ್ಟ್ರಾನನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ ಅನಿಸಿ, ಮೊದಲ ಸಲ ನೋಡಿದವರು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಾರೆ.

ಎಕ್ಸ್‌-ಕಿರಣದ ಯಂತ್ರ ಮಾತ್ರ ಸಾಮಾನ್ಯವಾಗಿ ಬೇರೆ ಕಟ್ಟಡದಲ್ಲಿ, ಸೀಸ ಬೆರೆತ ಗಾಜಿನ ಬಾಗಿಲ ಹಿಂದೆ ಇರುತ್ತದೆ. ಅಲ್ಲಿಗೆ ಹೋಗುವ ದಿನ ಮಕ್ಕಳು ಅಡುಗೆ ಉಪ್ಪನ್ನೇ ನುಣ್ಣಗೆ ಪುಡಿಮಾಡಿ ಒಯ್ಯುತ್ತಾರೆ. ತಾಮ್ರದಿಂದ ಹೊಮ್ಮಿದ 1.5406 ಆಂಗ್‌ಸ್ಟ್ರಾಮಿನ ಕಿರಣ ಪುಡಿಯ ಮೇಲೆ ಬೀಳುತ್ತದೆ, ಅಳೆಯುವ ತೋಳು ಕಮಾನಿನಲ್ಲಿ ತೆವಳುತ್ತ ಸಾಗುತ್ತದೆ, 31.7 ಡಿಗ್ರಿಗೆ ಬಂದಾಗ ಗೆರೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ, 45.4ಕ್ಕೆ ಇನ್ನೊಮ್ಮೆ. ಅದರಿಂದ ಲೆಕ್ಕ ಹಾಕಿದರೆ ಉಪ್ಪಿನ ಹರಳಿನ ಅತಿ ಚಿಕ್ಕ ಮನೆಯ ಗೋಡೆ 5.64 ಆಂಗ್‌ಸ್ಟ್ರಾಂ. ಬ್ರ್ಯಾಗ್ ತಂದೆ-ಮಗ 1913ರಲ್ಲಿ ಜಗತ್ತಿಗೆ ಮೊದಲು ತೋರಿಸಿದ ಈ ಮನೆಯನ್ನು ಇಂದು ಹೊಳೆಸಾಲಿನ ಹಳ್ಳಿಯಿಂದ ಬಂದ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಅಳೆದು ಬರೆದುಕೊಳ್ಳುತ್ತಾನೆ.

ಮಧ್ಯಾಹ್ನದ ಊಟವಾದ ಮೇಲೆ ಮೇಜಿನ ಮೇಲೆ ಸಾಲಾಗಿ ಪ್ಲಾಸ್ಟಿಕ್ ಬಾಟಲಿಗಳು ಬಂದು ಕೂರುತ್ತವೆ. ಪ್ರತಿಯೊಂದಕ್ಕೂ ಅಂಟಿಸಿದ ಚೀಟಿ: ಊರು, ಬೋರ್‌ವೆಲ್ಲಿನ ಜಾಗ, ನೀರು ಹಿಡಿದ ತಾರೀಖು. ವಾರದ ಕೊನೆಗೆ ಊರಿಗೆ ಹೋದವರು ತಂದ ನೀರು ಇದು. ಕೋಲಾರದ ಕಡೆಯದು, ಪಾವಗಡದ ಕಡೆಯದು, ಚಿಕ್ಕಬಳ್ಳಾಪುರದ ಕಡೆಯದು. ಆ ಸೀಮೆಯ ಗ್ರಾನೈಟ್ ಬಂಡೆಯ ಆಳದಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಬಿಡಿಸಿಕೊಂಡು ಮೇಲೆ ಬರುತ್ತದೆ. ನೋಡಲು ತಿಳಿ, ಕುಡಿಯಲು ರುಚಿ, ವಾಸನೆಯೂ ಇಲ್ಲ. ಊರಿನ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ, ಹಿರಿಯರ ಬಾಗದ ಬೆನ್ನು, ಮಡಿಸಲಾಗದ ಮಂಡಿ ಮಾತ್ರ ಅದರ ಗುರುತು ಹೇಳುತ್ತವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು.

ಅಳೆಯುವ ಉಪಕರಣ ಪೆನ್ನಿನ ಗಾತ್ರದ್ದು. ಅದರ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಒಂದು ಹರಳು, ಅದಕ್ಕೆ ಚೂರು ಯುರೋಪಿಯಂ ಬೆರೆಸಿರುತ್ತಾರೆ. ಈ ಹರಳಿನೊಳಗೆ ಖಾಲಿ ಜಾಗದಿಂದ ಖಾಲಿ ಜಾಗಕ್ಕೆ ಜಿಗಿದು ಸಾಗಬಲ್ಲದ್ದು ಫ್ಲೋರೈಡ್ ಅಯಾನ್ ಒಂದೇ. ಹೀಗಾಗಿ ಕ್ಲೋರೈಡ್, ನೈಟ್ರೇಟ್‌ಗಳ ದೊಡ್ಡ ಸಂತೆಯ ನಡುವೆಯೂ ಅದು ಫ್ಲೋರೈಡನ್ನಷ್ಟೇ ಹೆಕ್ಕಿ ಗುರುತಿಸುತ್ತದೆ. 1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಇದನ್ನು ಪ್ರಕಟಿಸಿದರು. ನೀರಿಗೆ ಮೊದಲು ಟೈಸ್ಯಾಬ್ ಎಂಬ ದ್ರಾವಣ ಬೆರೆಸುತ್ತಾರೆ. ಅದು ಆಮ್ಲತೆಯನ್ನು ಹದಕ್ಕೆ ತಂದು, ಅಲ್ಯುಮಿನಿಯಂ, ಕಬ್ಬಿಣ ಬಿಗಿಹಿಡಿದಿರುವ ಫ್ಲೋರೈಡನ್ನೂ ಬಿಡಿಸಿಕೊಡುತ್ತದೆ. ಬೀಕರಿನ ತಳದಲ್ಲಿ ಬಿಳಿ ಕಾಂತದ ಕಡ್ಡಿ ಟಿಕ್‌ಟಿಕ್ ಎನ್ನುತ್ತ ತಿರುಗುತ್ತದೆ, ಮೀಟರಿನ ಅಂಕಿ ಇಳಿಯುತ್ತ ಇಳಿಯುತ್ತ ಒಂದೆಡೆ ನಿಲ್ಲುತ್ತದೆ. ಇಲ್ಲಿಯೂ ಮೊದಲು ತಾವೇ ಮಾಡಿದ ದ್ರಾವಣಗಳು, 0.1, 1, 10. ಹತ್ತು ಪಟ್ಟು ಏರಿದಾಗಲೆಲ್ಲ ಅಂಕಿ 59 ಮಿಲಿವೋಲ್ಟಿನ ಆಸುಪಾಸಿನಷ್ಟು ಇಳಿದರೆ ಹರಳು ಆರೋಗ್ಯವಾಗಿದೆ. ಆಮೇಲಷ್ಟೇ ಊರಿನ ನೀರು.

ಈ ಹೊತ್ತಿನಲ್ಲಿ ಲ್ಯಾಬಿನ ಗದ್ದಲ ತಾನಾಗಿ ತಗ್ಗುತ್ತದೆ. ಸಂಡೂರಿನ ಅದಿರಿನಲ್ಲಿ ಶೇಕಡಾ ಎಷ್ಟು ಬಂದರೂ ಆ ಹುಡುಗನಿಗೆ ಸಿಗುವುದು ಅಂಕ. ಈ ಬಾಟಲಿಯಲ್ಲಿ ಎಷ್ಟು ಬರುತ್ತದೆ ಎನ್ನುವುದು ಅಮ್ಮ ದಿನಾ ಕೊಡದಲ್ಲಿ ಹೊತ್ತು ತರುವ ನೀರಿನ ಮಾತು. ಅಂಕಿ ನಿಂತ ಕೂಡಲೇ ಬರೆದುಕೊಳ್ಳಲು ಹೋದವನನ್ನು ಮೇಷ್ಟ್ರು ತಡೆಯುತ್ತಾರೆ. “ಒಂದು ರೀಡಿಂಗು ರೀಡಿಂಗೇ ಅಲ್ಲ. ಎಲೆಕ್ಟ್ರೋಡ್ ತೊಳೆ, ಇನ್ನೊಂದು ಸಲ ತಗೋ. ಆಮೇಲೆ ಮತ್ತೊಂದು ಸಲ.” ಮೂರೂ ಹತ್ತಿರ ಬಂದರೆ ಸರಾಸರಿ. ಒಂದು ದೂರ ಉಳಿದರೆ ಅದನ್ನು ಹೊಡೆದು ಹಾಕುವಂತಿಲ್ಲ, ಯಾಕೆ ದೂರ ಹೋಯಿತೆಂದು ಹುಡುಕಬೇಕು: ಬೀಕರ್ ತೊಳೆದದ್ದು ಸಾಲದೇ, ಗುಳ್ಳೆ ಅಂಟಿತ್ತೇ, ಕೋಣೆಯ ಬಿಸಿ ಬದಲಾಯಿತೇ. ರೆಕಾರ್ಡ್ ಪುಸ್ತಕದಲ್ಲಿ ಅಳಿಸುವ ರಬ್ಬರಿಗೆ ಜಾಗವಿಲ್ಲ. ತಪ್ಪಾದ ಅಂಕಿಯ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಸಹಿ ಹಾಕಬೇಕು.

ಸಂಜೆ ನಾಲ್ಕೂವರೆಗೆ ದೀಪಗಳು ಒಂದೊಂದಾಗಿ ಆರುತ್ತವೆ, ಕ್ಯುವೆಟ್ಟುಗಳು ತೊಳೆದು ಬೋರಲು ಮಲಗುತ್ತವೆ. ಎರಡು ವರ್ಷದ ಈ ಅಭ್ಯಾಸ ಮುಗಿಸಿದವರು ಎಲ್ಲೆಲ್ಲೋ ಚದುರುತ್ತಾರೆ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಹಟ್ಟಿಯ ಚಿನ್ನದ ಗಣಿಗೆ, ಕಲಬುರಗಿ ಸೀಮೆಯ ಸಿಮೆಂಟ್ ಕಾರ್ಖಾನೆಗಳಿಗೆ, ಬೆಂಗಳೂರಿನ ಔಷಧ ಕಂಪನಿಗಳಿಗೆ, ಜಿಲ್ಲೆಯ ನೀರು ಪರೀಕ್ಷೆಯ ಪ್ರಯೋಗಾಲಯಗಳಿಗೆ, ಕಾಲೇಜಿನ ಮೇಷ್ಟ್ರಿಕೆಗೆ. ಅಲ್ಲಿರುವ ಯಂತ್ರಗಳು ಇವರು ಕಲಿತವುಗಳಿಗಿಂತ ಹೊಸವು, ಚುರುಕಿನವು, ಸ್ಯಾಂಪಲ್ಲನ್ನು ತಾವೇ ಎತ್ತಿ ಹೀರಿ ವರದಿಯನ್ನೂ ತಾವೇ ಅಚ್ಚು ಹಾಕುವಂಥವು. ಗುಂಡಿ ಒತ್ತುವುದನ್ನು ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು. ಬ್ಲಾಂಕ್ ಇಟ್ಟಿದೆಯೇ, ಗೊತ್ತಿರುವ ದ್ರಾವಣಕ್ಕೆ ಯಂತ್ರ ಸರಿಯಾದ ಉತ್ತರ ಕೊಟ್ಟಿತೇ, ಎರಡನೆಯ ಸಲವೂ ಇದೇ ಅಂಕಿ ಬಂತೇ ಎಂದು ಕೇಳುವ ಬುದ್ಧಿಯನ್ನು ಮಾತ್ರ ಈ ಕಪ್ಪು ಮೇಜುಗಳ ಮುಂದೆ ನಿಂತೇ ಬೆಳೆಸಿಕೊಳ್ಳಬೇಕು. ಒಂದು ಊರಿನ ಬೋರ್‌ವೆಲ್ಲಿಗೆ ಬೀಗ ಹಾಕಬೇಕೋ ಬೇಡವೋ ಎಂಬುದು ಒಂದು ದಶಾಂಶದ ಮೇಲೆ ನಿಂತಿರುವಾಗ, ಆ ದಶಾಂಶದ ಹಿಂದೆ ಕ್ಯುವೆಟ್ಟಿನ ಮಂಜಿನ ಮೈಯನ್ನು ಹಿಡಿಯಲು ಕಲಿತ ಕೈ ಇರಬೇಕು. ಅದಕ್ಕಾಗಿಯೇ ಇಂಥ ಲ್ಯಾಬುಗಳು ಇನ್ನೂ ಹೆಚ್ಚಬೇಕು, ಇರುವ ಲ್ಯಾಬುಗಳ ದೀಪಗಳು ಕೆಟ್ಟಾಗ ತಡವಿಲ್ಲದೆ ಬದಲಾಗಬೇಕು, ಯಂತ್ರದ ಮುಂದೆ ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನ ಕೈಯಾರೆ ಅಳೆಯುವ ಸರದಿ ಸಿಗಬೇಕು.